ಪಿಸ್ತೂಲಿನ ಮೇಲೊಂದು ಕೆಂಪು ಚುಕ್ಕೆ

ರಬಕವಿಯ ನಮ್ಮ ಮನೆಯ ಹಿಂದೆ ಅಪ್ಪ ಕಟ್ಟಿಸಿದ ಒಂದು ತಗಡಿನ ಶೆಡ್ಡಿದೆ. ಅದರಲ್ಲಿ ಮೊದಲು ನಾಲ್ಕು ಪಾವರ್‌ಲೂಮ್‌ಗಳಿದ್ದವು. ಅಪ್ಪ ತೀರಿಕೊಂಡ ಮೇಲೆ ಮಗ್ಗಗಳನ್ನು ಮಾರಿದೆ. ಅವನ ಲೇತ್ ಮತ್ತು ವೈಸ್ ಕೂಡಿಸಿದ ಬೆಂಚು ಮಾತ್ರ ಉಳಿಸಿಕೊಂಡೆ. ಮಗ್ಗಗಳು ಹೋದ ಜಾಗವನ್ನು ಟೇಪು ಹಿಡಿದು ಅಳೆದಾಗ ಉದ್ದಕ್ಕೆ ಹನ್ನೆರಡು ಮೀಟರು ಬಂತು. ಗಾಳಿ ಪಿಸ್ತೂಲಿನ ಗುರಿ ಆಟಕ್ಕೆ ಹತ್ತು ಮೀಟರು ಸಾಕು. ಒಂದು ಗೋಡೆಗೆ ಗುಂಡು ತಡೆಯುವ ಕಬ್ಬಿಣದ ಪೆಟ್ಟಿಗೆ ನಿಲ್ಲಿಸಿ, ಅದರ ಮುಂದೆ ಗುರಿಯ ಕಾರ್ಡು ಸಿಕ್ಕಿಸಿ, ಇನ್ನೊಂದು ತುದಿಯಲ್ಲಿ ನೆಲಕ್ಕೆ ಸುಣ್ಣದ ಗೆರೆ ಎಳೆದೆ. ಆ ಗೆರೆಯ ಹಿಂದೆ ನಿಂತು ನನ್ನ ಭಾನುವಾರಗಳು ಕಳೆದಿವೆ.

ಗಂಡುಮಕ್ಕಳಿಲ್ಲದ ಅಪ್ಪ ಲೇತಿನ ಕೆಲಸ ನನಗೆ ಕಲಿಸಿದ. ಮುಂದೆ ಅದೇ ನನಗೆ ಅನ್ನ ಹಾಕಿತು. ಜಮಖಂಡಿಯ ಒಂದು ತರಬೇತಿ ಸಂಸ್ಥೆಯಲ್ಲಿ ಫಿಟ್ಟರ್ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತ ನಿವೃತ್ತಳಾದೆ. ಗುರಿ ಹಿಡಿಯುವುದು ಕಲಿತದ್ದು ಕಾಲೇಜಿನ ಎನ್‌ಸಿಸಿಯಲ್ಲಿ. ಮದುವೆಯ ಮಾತು ಎರಡು ಮೂರು ಸಲ ಬಂದು ಹೋಯಿತು. ಅಪ್ಪನನ್ನು ಬಿಟ್ಟು ಹೋಗಲು ನನಗೂ ಮನಸ್ಸಿರಲಿಲ್ಲ, ಆಮೇಲೆ ಯಾರೂ ಕೇಳಲೂ ಇಲ್ಲ. ಒಬ್ಬಳೇ ಇರುವುದು ಹೀಗೆ ರೂಢಿಯಾಯಿತು.

ಆ ಗೆರೆಯ ಹಿಂದೆ ನನ್ನ ಪಕ್ಕ ನಿಲ್ಲುತ್ತಿದ್ದ ಸಾಹೇಬರು ನನ್ನ ಶೆಡ್ಡಿಗೆ ಬಂದದ್ದು ಹದಿನಾರು ವರ್ಷಗಳ ಹಿಂದೆ. ಸರ್ವೇ ಇಲಾಖೆಯಲ್ಲಿದ್ದರು, ಊರು ಮುಧೋಳ. ನಮ್ಮ ಬೀದಿಯ ಎರಡು ಮನೆಗಳ ನಡುವಿನ ಗಡಿಯ ತಕರಾರಿಗೆ ಅಳೆಯಲು ಬಂದವರು, ನಡುವೆ ಅಳತೆ ಬಿಟ್ಟು ನಮ್ಮ ಶೆಡ್ಡಿನ ಬಾಗಿಲಲ್ಲಿ ಬಂದು ನಿಂತರು. ಬೀದಿಯ ತುಂಬ ಮಗ್ಗಗಳ ಸದ್ದಿರುವಾಗ ಅದರೊಳಗಿಂದ ಬೇರೆಯದೊಂದು ಟಕ್ ಎನ್ನುವ ಸಪ್ಪಳ ಅವರ ಕಿವಿಗೆ ಬಿದ್ದಿತ್ತಂತೆ. ಏನು ಎಂದು ಕೇಳಿದರು. ತೋರಿಸಿದೆ. ಒಂದು ಸಲ ಹಿಡಿಯಲೇ ಎಂದರು. ಹಿಡಿಯುವುದು ಹೇಗೆ, ಉಸಿರು ಎಲ್ಲಿ ನಿಲ್ಲಿಸಬೇಕು ಎಂದು ಹೇಳಿಕೊಟ್ಟೆ. ಅವರು ಹೊಡೆದ ಮೊದಲ ಗುಂಡು ನಡುವಿನ ಕಪ್ಪಿನೊಳಗೇ ಇತ್ತು. ದುರ್ಬೀನಿನಲ್ಲಿ ಕಣ್ಣಿಟ್ಟು ಮೂವತ್ತು ವರ್ಷ ಹೊಲದ ಗೆರೆ ನೋಡಿದ ಮನುಷ್ಯ ಎಂದು ನನಗೆ ಆಗ ಅನಿಸಿತು.

ಅಲ್ಲಿಂದ ಪ್ರತಿ ಭಾನುವಾರ ಮಹಾಲಿಂಗಪುರದ ಮೇಲೆ ಬರುವ ಬಸ್ಸಿಗೆ ಬಂದು, ಒಂಬತ್ತು ಗಂಟೆಗೆ ಶೆಡ್ಡಿನಲ್ಲಿರುತ್ತಿದ್ದರು. ತಮ್ಮದೇ ಪಿಸ್ತೂಲು ಕೊಂಡರು. ನಾನು ಅವರಿಗೆ ಸಾಹೇಬರು ಎನ್ನುತ್ತಿದ್ದೆ. ಅವರು ನನಗೆ ಅಕ್ಕಾರ ಎನ್ನುತ್ತಿದ್ದರು, ವಯಸ್ಸಿನಲ್ಲಿ ನನಗಿಂತ ಏಳೆಂಟು ವರ್ಷ ದೊಡ್ಡವರಾದರೂ. ಪಾಠ ಹೇಳುವ ಹೆಂಗಸರನ್ನು ನಮ್ಮ ಕಡೆ ಹಾಗೆಯೇ ಕರೆಯುವುದು. ತಲಾ ಅರವತ್ತು ಗುಂಡು ಹೊಡೆಯುವುದು, ಕಾರ್ಡುಗಳನ್ನು ಎಣಿಸುವುದು, ಒಂದು ಕಪ್ಪು ಚಹಾ ಕುಡಿಯುವುದು, ಹನ್ನೆರಡರ ಬಸ್ಸಿಗೆ ಅವರು ಹೋಗುವುದು. ಇದಿಷ್ಟರಲ್ಲಿ ನಾವು ಆಡುತ್ತಿದ್ದ ಮಾತು ಬಹಳ ಕಡಿಮೆ. ಅವರ ಹೆಂಡತಿ ತೀರಿಕೊಂಡಾಗ ಎರಡು ವಾರ ಬರಲಿಲ್ಲ. ಮೂರನೆಯ ವಾರ ಬಂದು ಪಿಸ್ತೂಲಿನ ಪೆಟ್ಟಿಗೆ ತೆರೆಯುತ್ತ, "ಮನ್ಯಾಕಿ ಹೋದ್ಲರಿ ಅಕ್ಕಾರ," ಎಂದರು. ಅಷ್ಟು ಹೇಳಿ ಗೆರೆಯ ಹಿಂದೆ ನಿಂತು ಕೈ ಎತ್ತಿದರು. ಊರ ಮಂದಿ ನಮ್ಮ ಬಗ್ಗೆ ಏನಾದರೂ ಅಂದರೋ ಇಲ್ಲವೋ ಗೊತ್ತಿಲ್ಲ. ಶೆಡ್ಡಿನ ಬಾಗಿಲನ್ನು ನಾವು ಎಂದೂ ಮುಚ್ಚಲಿಲ್ಲ.

ಮೊದಮೊದಲು ಬೀಳಗಿಯಿಂದ ಒಬ್ಬ ಬ್ಯಾಂಕಿನವರು, ಜಮಖಂಡಿಯಿಂದ ಒಬ್ಬ ವಕೀಲರು ಕೂಡ ಬರುತ್ತಿದ್ದರು. ಒಬ್ಬರಿಗೆ ವರ್ಗವಾಯಿತು, ಇನ್ನೊಬ್ಬರಿಗೆ ಬೇಸರವಾಯಿತು. ಕೊನೆಗೆ ಉಳಿದವರು ನಾವಿಬ್ಬರೇ. ವರ್ಷಕ್ಕೊಮ್ಮೆ ಹಿರಿಯರ ವಿಭಾಗದ ಸ್ಪರ್ಧೆಗೆ ಬಸ್ಸು ಹಿಡಿದು ಹೋಗುತ್ತಿದ್ದೆವು. ಅವರದು ಪ್ರತಿ ವರ್ಷವೂ ನನಗಿಂತ ಹೆಚ್ಚಿನ ಅಂಕ.

ಪಿಸ್ತೂಲಿನ ಗುರಿಯಲ್ಲಿ ಕಣ್ಣಿಗೆ ಮೂರು ಕೆಲಸ. ಪಿಸ್ತೂಲಿನ ಹಿಂದಿನ ಸೀಳಾದ ಕಚ್ಚು, ಮೂತಿಯ ಮೇಲೆ ಎದ್ದ ಮುಂದಿನ ಮೊಳೆ, ದೂರದ ಕಪ್ಪು ವೃತ್ತ, ಈ ಮೂರೂ ಒಂದೇ ಸಾಲಿಗೆ ಬರಬೇಕು. ಆದರೆ ಕಣ್ಣಿಗೆ ಒಂದು ಸಲಕ್ಕೆ ಒಂದನ್ನೇ ಚೊಕ್ಕವಾಗಿ ನೋಡಲು ಬರುತ್ತದೆ. ಚೊಕ್ಕ ಕಾಣಬೇಕಾದದ್ದು ಮುಂದಿನ ಮೊಳೆ. ಐವತ್ತು ದಾಟಿದ ಮೇಲೆ ನನಗೆ ಆ ಮೊಳೆಯ ಅಂಚು ಹಿಂಜಿದ ಅರಳೆಯ ಹಾಗೆ ಕಾಣತೊಡಗಿತು. ಚಾಚಿದ ಕೈಯ ದೂರಕ್ಕೆ ಹೊಂದುವ ಬೇರೆ ಕನ್ನಡಕ ಮಾಡಿಸಿದೆ. ಮೊಳೆ ಸರಿಯಾಯಿತು, ಕಾರ್ಡು ಬೂದಿ ಬಣ್ಣದ ಕಲೆಯಾಯಿತು. ಹಾಗೆಯೇ ಕೆಲವು ವರ್ಷ ನಡೆಯಿತು. ಸಾಹೇಬರಿಗೂ ಅದೇ ಪಾಡು. ಒಬ್ಬರ ಕನ್ನಡಕ ಒಬ್ಬರು ಹಾಕಿಕೊಂಡು ನೋಡಿ, ಇದು ಪರವಾಗಿಲ್ಲ, ಅದು ಬೇಡ ಎಂದು ಲೆಕ್ಕ ಹಾಕುತ್ತಿದ್ದೆವು.

ನಾಲ್ಕು ಚಳಿಗಾಲಗಳ ಹಿಂದೆ ಅವರ ಗುಂಡುಗಳು ಚದುರತೊಡಗಿದವು. ಮೊದಲು ಒಂದೆರಡು ಕಪ್ಪಿನ ಹೊರಗೆ. ಪಿಸ್ತೂಲಿನ ತಿರುಪು ಸಡಿಲಾಗಿರಬೇಕೆಂದು ಬಿಗಿ ಮಾಡಿಕೊಂಡರು. ಆಮೇಲೆ ಗುಂಡಿನ ಡಬ್ಬಿ ಬದಲಿಸಿದರು. ಆಮೇಲೆ ಬಿಸಿಲು ಓರೆಯಾಗಿ ಬೀಳುತ್ತದೆ ಎಂದರು. ಕೊನೆಗೆ ವಯಸ್ಸು ಎಂದರು. ವಯಸ್ಸು ಎಂದ ಮೇಲೆ ಬೇರೆ ಕಾರಣ ಹುಡುಕುವ ಕೆಲಸವೇ ಉಳಿಯಲಿಲ್ಲ. ಆ ವರ್ಷ ಒಂದು ಭಾನುವಾರ ಮೊದಲ ಸಲ ನನ್ನ ಅಂಕ ಅವರ ಅಂಕವನ್ನು ದಾಟಿತು. ಮುಂದಿನ ವಾರವೂ ದಾಟಿತು. ಚಹಾ ಸೋಸುವಾಗ ನನಗೆ ಒಳಗೊಳಗೇ ಸಂತೋಷವಾಗುತ್ತಿತ್ತು. ಅದನ್ನು ಇಲ್ಲಿ ಬರೆಯದೆ ಬಿಟ್ಟರೆ ಉಳಿದದ್ದನ್ನು ಬರೆದು ಉಪಯೋಗವಿಲ್ಲ.

ಮುಂದಿನ ಕಬ್ಬಿನ ಹಂಗಾಮು ಶುರುವಾದಾಗ ಅವರು ಬರುವುದು ನಿಲ್ಲಿಸಿದರು. ಮೊದಲ ವಾರ ಸಮೀರವಾಡಿ ಕಡೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳಿಂದ ರಸ್ತೆ ಕಟ್ಟಿದೆ, ಬಸ್ಸು ತಡ ಎಂದು ಫೋನಿನಲ್ಲಿ ಹೇಳಿದರು. ಎರಡನೆಯ ವಾರ ಫೋನೇ ಬರಲಿಲ್ಲ. ನಾನು ಒಬ್ಬಳೇ ಅರವತ್ತು ಗುಂಡು ಹೊಡೆದೆ, ಕಾರ್ಡು ಎಣಿಸಿದೆ. ಎಣಿಸಿ ಯಾರಿಗೆ ಹೇಳುವುದು ಎಂದು ತಿಳಿಯದೆ ಹಾಗೆಯೇ ಬೆಂಚಿನ ಮೇಲಿಟ್ಟೆ. ಚಹಾಕ್ಕೆ ರೂಢಿಯಂತೆ ಎರಡು ಕಪ್ಪು ನೀರಿಟ್ಟಿದ್ದೆ. ಎರಡನ್ನೂ ನಾನೇ ಕುಡಿದೆ. ಆಗ ಕರೆಂಟು ಹೋಯಿತು. ಬೀದಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಆ ಸದ್ದು ನಿಂತಾಗ ನಮ್ಮ ಊರು ಎಷ್ಟು ಖಾಲಿಯಾಗುತ್ತದೆ ಎಂಬುದು ಹುಟ್ಟಿದಾಗಿನಿಂದ ಅಲ್ಲೇ ಇರುವವರಿಗಷ್ಟೇ ಗೊತ್ತು. ಆ ಹೊತ್ತು ಬೆಂಚಿನ ಮೇಲೆ ಕೂತು, ಕರೆಂಟು ಬರುವವರೆಗೆ ಏಳಲಿಲ್ಲ.

ಮೂರನೆಯ ವಾರ ನಾನೇ ಫೋನು ಮಾಡಿದೆ. "ನಂದು ಆತ್ರಿ ಅಕ್ಕಾರ," ಎಂದರು. "ಇನ್ನ ನೀವ ಆಡ್ರಿ."

ಕೆಂಪು ಚುಕ್ಕೆಯ ದರ್ಶಕದ ವಿಷಯ ನನ್ನ ತಲೆಯಲ್ಲಿ ಮೊದಲೇ ಇತ್ತು. ಬೆರಳುದ್ದದ ಒಂದು ಸಾಧನ, ಅದರಲ್ಲೊಂದು ಪುಟ್ಟ ಗಾಜು. ಪಿಸ್ತೂಲಿನ ಮೇಲೆ ಕೂಡಿಸಿ ಆ ಗಾಜಿನ ಮೂಲಕ ನೋಡಿದರೆ ಒಂದು ಕೆಂಪು ಬೆಳಕಿನ ಚುಕ್ಕೆ ದೂರದ ಕಾರ್ಡಿನ ಮೇಲೇ ಇದ್ದಂತೆ ಕಾಣುತ್ತದೆ. ಕಚ್ಚು ಬೇಡ, ಮೊಳೆ ಬೇಡ. ಕಣ್ಣಿಗೆ ಮೂರರ ಬದಲು ಒಂದೇ ಕೆಲಸ, ದೂರ ನೋಡುವುದು. ವಯಸ್ಸಾದ ಕಣ್ಣಿಗೆ ಬರುವುದು ಅದೊಂದೇ ತಾನೆ. ಆದರೆ ನಾವು ಹೋಗುತ್ತಿದ್ದ ಸ್ಪರ್ಧೆಗಳಲ್ಲಿ ಅದಕ್ಕೆ ಅವಕಾಶವಿಲ್ಲ. ಒಮ್ಮೆ ಕೂಡಿಸಿದರೆ ಸ್ಪರ್ಧೆಯ ಬಾಗಿಲು ಮುಚ್ಚಿದಂತೆ. ಅದಕ್ಕೇ ಇಬ್ಬರೂ ಆ ಮಾತು ತೆಗೆದಿರಲಿಲ್ಲ. ಒಬ್ಬಳೇ ಸ್ಪರ್ಧೆಗೆ ಹೋಗಿ ನಾನಾದರೂ ಏನು ಮಾಡಲಿ ಎಂದು ಆ ದಿನ ಅನಿಸಿತು. ಆನ್‌ಲೈನಿನಲ್ಲಿ ಎರಡು ತರಿಸಿದೆ.

ಜಮಖಂಡಿಯ ಕೊರಿಯರ್ ಆಫೀಸಿಗೆ ಹೋಗಿ ಡಬ್ಬಿ ತಂದು ಬಿಚ್ಚಿದರೆ ಅದರ ಬುಡ ನಮ್ಮ ಪಿಸ್ತೂಲಿಗೆ ಕೂಡುವಂತಿರಲಿಲ್ಲ. ಪಿಸ್ತೂಲಿನ ಬೆನ್ನಿನ ಮೇಲೆ ಎರಡೂ ಬದಿಗೆ ಒಳಮುಖವಾಗಿ ಕೊರೆದ ಸಣ್ಣ ಹಳಿ ಇರುತ್ತದೆ. ದರ್ಶಕದ ಬುಡ ಅದಕ್ಕಿಂತ ಅಗಲವಾದ ಹಳಿಗೆ ಮಾಡಿದ್ದು. ನಡುವೆ ಒಂದು ಜೋಡುತುಂಡು ಬೇಕು. ಅದು ನನ್ನ ಕೆಲಸವೇ. ಅಪ್ಪನ ಡಬ್ಬಿಯಲ್ಲಿದ್ದ ಅಲ್ಯುಮಿನಿಯಂ ಪಟ್ಟಿಯನ್ನು ವೈಸಿಗೆ ಹಿಡಿದು ಗರಗಸದಿಂದ ಕತ್ತರಿಸಿದೆ. ಲೋಹ ತೇಯುವ ತ್ರಿಕೋನದ ಅರದಿಂದ ಓರೆಯಾದ ತೋಡು ಕೊರೆದೆ. ಮೂವತ್ತು ವರ್ಷ ಬಂದ ಬಂದ ವಿದ್ಯಾರ್ಥಿಗಳಿಗೆ ಮೊದಲ ಪಾಠವಾಗಿ ಹೇಳಿಕೊಟ್ಟದ್ದು ಇದನ್ನೇ: ಅರವನ್ನು ಮುಂದಕ್ಕೆ ತಳ್ಳುವಾಗ ಒತ್ತು, ಹಿಂದಕ್ಕೆ ಎಳೆಯುವಾಗ ಎತ್ತು. ಹಳಿಗೆ ಮಸಿ ಬಳಿದು ತುಂಡನ್ನು ಜಾರಿಸಿ ತೆಗೆಯುವುದು, ಮಸಿ ಹತ್ತಿದ ಜಾಗವನ್ನಷ್ಟೇ ಮತ್ತೆ ಅರ ಹಾಕುವುದು. ಅಂಥ ಎರಡು ತುಂಡಿಗೆ ನಾಲ್ಕು ದಿನ ಹಿಡಿಯಿತು. ಕಣ್ಣಿಗೆ ಕಾಣದ್ದನ್ನು ಬೆರಳ ತುದಿ ಹೇಳುತ್ತಿತ್ತು. ಕೊನೆಗೆ ಎರಡು ಪುಟ್ಟ ತಿರುಪಿಗೆ ತೂತು ಕೊರೆದು, ಒಳಗೆ ಸುರುಳಿ ಗೆರೆಯ ಆಟೆ ಹಾಕಿದೆ. ತುಂಡು ಹಳಿಯ ಮೇಲೆ ಬಿಗಿಯಾಗಿ ಕೂತಾಗ ನಾನು ಯಾರನ್ನೋ ಕರೆದು ತೋರಿಸಬೇಕೆಂದು ತಲೆ ಎತ್ತಿದ್ದು ನೆನಪಿದೆ.

ಮೊದಲು ನನ್ನ ಪಿಸ್ತೂಲಿಗೆ ಕೂಡಿಸಿ ನೋಡಿದೆ. ಚುಕ್ಕೆ ದುಂಡಗಿರಲಿಲ್ಲ, ಒಡೆದ ಮೆಣಸಿನಕಾಯಿಯ ಬೀಜದ ಹಾಗೆ ಮೂರು ನಾಲ್ಕಾಗಿ ಚೆಲ್ಲಿತ್ತು. ಸಾಮಾನು ಕೆಟ್ಟದ್ದು ಬಂತೆಂದುಕೊಂಡೆ. ಆಮೇಲೆ ದೂರದ ಕನ್ನಡಕ ಹಾಕಿಕೊಂಡು, ಬೆಳಕು ಕಡಿಮೆ ಮಾಡಿ ನೋಡಿದಾಗ ಚುಕ್ಕೆ ದುಂಡಗಾಯಿತು. ಕೆಟ್ಟದ್ದು ನನ್ನ ಕಣ್ಣಿನ ಗೋಳ, ಸಾಮಾನಲ್ಲ. ಇನ್ನೊಂದು ಸಂಗತಿಯೂ ಗೊತ್ತಾಯಿತು. ಮೊಳೆಯ ಗುರಿಯಲ್ಲಿ ಕೈಯ ನಡುಕ ಅಷ್ಟಾಗಿ ಕಾಣುವುದಿಲ್ಲ. ಚುಕ್ಕೆ ಒಂದಿಷ್ಟೂ ಮುಚ್ಚಿಡುವುದಿಲ್ಲ, ಕಪ್ಪಿನ ಒಳಗೆ ಹೊರಗೆ ಓಡಾಡುತ್ತಲೇ ಇರುತ್ತದೆ. ನನ್ನ ಕೈ ಅಷ್ಟೊಂದು ನಡುಗುತ್ತದೆಂದು ನನಗೆ ಗೊತ್ತಿರಲಿಲ್ಲ. ಆದರೂ ಗುಂಡುಗಳು ಒಟ್ಟಿಗೆ ಬಿದ್ದವು. ಪಕ್ಕದ ತಿರುಪು, ಮೇಲಿನ ತಿರುಪು ಒಂದೊಂದು ಗೆರೆ ತಿರುಗಿಸಿ ನಡುವಿಗೆ ತಂದೆ.

ಮುಧೋಳಕ್ಕೆ ಫೋನು ಮಾಡಿ ಪಿಸ್ತೂಲು ತೆಗೆದುಕೊಂಡು ಬನ್ನಿ ಎಂದೆ. ಸಾಹೇಬರು ಒಪ್ಪಲಿಲ್ಲ. ಚುಕ್ಕೆ ಹಚ್ಚಿಕೊಂಡು ಹೊಡೆಯುವುದು ಆಟವಲ್ಲ, ಅದು ಕಳ್ಳಾಟ ಎಂದರು. ಯಾರಿಗೆ ಮೋಸ ಮಾಡಿದಂತಾಗುತ್ತದೆ, ಇರುವವರೇ ನಾವಿಬ್ಬರು ಎಂದೆ. ನಾಲ್ಕು ದಿನ ಕೂತು ಅರ ಹಾಕಿದ್ದೇನೆ ಎಂದೂ ಹೇಳಿದೆ. ಆ ಭಾನುವಾರ ಬಂದರು.

ನಾನು ಅವರ ಪಿಸ್ತೂಲಿನ ಹಿಂದಿನ ಕಚ್ಚು ಬಿಚ್ಚಿ ದರ್ಶಕ ಕೂಡಿಸುವವರೆಗೆ ಅವರು ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಒಂದು ಹಲ್ಲು ಕಿತ್ತ ಹಾಗೆ ಕಾಣುತ್ತದೆ ಎಂದರು. ಆಮೇಲೆ ಗೆರೆಯ ಹಿಂದೆ ನಿಂತರು. ಗುರಿ ಹಿಡಿಯುವಾಗ ಎಡಗಣ್ಣನ್ನು ಚಿವುಟಿ ಮುಚ್ಚುವುದಿಲ್ಲ, ಕನ್ನಡಕಕ್ಕೆ ಒಂದು ಬಿಳಿ ಪಟ್ಟಿ ಸಿಕ್ಕಿಸಿ ಮರೆ ಮಾಡುತ್ತೇವೆ. ಅವರು ಪಟ್ಟಿ ಸಿಕ್ಕಿಸಿಕೊಂಡು ಕೈ ಎತ್ತಿದರು. ಎತ್ತಿದ ಕೈ ಹಾಗೆಯೇ ಬಹಳ ಹೊತ್ತು ನಿಂತಿತು. ಇಳಿಸಿದರು. ಮತ್ತೆ ಎತ್ತಿದರು.

"ಚುಕ್ಕಿ ಎಲ್ಲೈತ್ರಿ? ಕಾಣವಲ್ದು."

ಸೆಲ್ಲು ಹೋಗಿರಬೇಕೆಂದು ಪಿಸ್ತೂಲು ಇಸಿದುಕೊಂಡು ನೋಡಿದೆ. ಚುಕ್ಕೆ ಇತ್ತು. ಬೆಳಕು ಹೆಚ್ಚಿಸಿ ಕೊಟ್ಟೆ. ಅವರು ಕತ್ತು ಅತ್ತ ಇತ್ತ ಆಡಿಸಿದರು.

"ಬಾಜೂಕ ನೋಡಿದ್ರ ಕಾಣ್ತೈತಿ. ನೆಟ್ಟಗ ನೋಡಿದ್ರ ಹೋಗಿಬಿಡ್ತೈತಿ ಅಕ್ಕಾರ."

ಪಟ್ಟಿಯನ್ನು ಬಲಗಣ್ಣಿಗೆ ಬದಲಿಸಿ ಎಡಗಣ್ಣಿನಿಂದ ನೋಡಲು ಹೇಳಿದೆ. ನೋಡಿದ ಕೂಡಲೇ ಚುಕ್ಕೆ ಇದೆ, ಚೊಕ್ಕ ಇದೆ ಎಂದರು. ಮತ್ತೆ ಬಲಗಣ್ಣಿಗೆ ಬಂದರೆ ಇಲ್ಲ. ವಯಸ್ಸಾದ ಕಣ್ಣಿಗೆ ಚುಕ್ಕೆ ಮಸುಕಾಗಬಹುದು, ಚೆಲ್ಲಬಹುದು. ನೆಟ್ಟಗೆ ನೋಡಿದರೆ ಮಾಯವಾಗುವುದು ಬರೀ ವಯಸ್ಸಿನ ಮಬ್ಬಲ್ಲ.

ಗೋಡೆಗೆ ಅಪ್ಪನ ಕಾಲದ ಒಂದು ಹಣಿಗೆ ನೇತುಹಾಕಿತ್ತು. ಮಗ್ಗದಲ್ಲಿ ಹಾಸಿನ ಎಳೆಗಳು ಹಾದುಹೋಗುವ ಚೌಕಟ್ಟು ಅದು. ಬಾಚಣಿಗೆಯ ಹಲ್ಲಿನಂತೆ ಉಕ್ಕಿನ ಸಣ್ಣ ಕಡ್ಡಿಗಳು ಒತ್ತೊತ್ತಾಗಿ ನೆಟ್ಟಗೆ ನಿಂತಿರುತ್ತವೆ. ಅದನ್ನು ಇಳಿಸಿ ಬೆಳಕಿಗೆ ಹಿಡಿದು, ಬಲಗಣ್ಣಿನಿಂದ ನಡುವಿನ ಕಡ್ಡಿ ನೋಡಿ ಎಂದೆ. ಅವರು ನೋಡಿದರು. ನಾನು ಕೇಳಲಿಲ್ಲ, ಅವರೇ ಹೇಳಿದರು.

"ನಡಬರಕ ಬಗ್ಗೇತ್ರಿ. ಒಂದೀಟ ಜಾಗಾ ಕಡ್ಡೀನ ಇಲ್ಲ."

ಒಂದೊಂದು ಕಡ್ಡಿಯೂ ನೆಟ್ಟಗಿದೆ ಎಂದು ನಾನು ಹೇಳಬೇಕಾಯಿತು. ಅವರು ಹಣಿಗೆಯನ್ನು ಕೈಯಲ್ಲಿ ತೆಗೆದುಕೊಂಡು, ಕಡ್ಡಿಗಳ ಮೇಲೆ ಬೆರಳಾಡಿಸಿ ನೋಡಿದರು. ಜೀವನವಿಡೀ ಊರೂರು ತಿರುಗಿ, ಇದು ನೆಟ್ಟಗಿದೆ, ಇದು ಡೊಂಕು ಎಂದು ಕಲ್ಲು ನೆಡಿಸಿ ಬಂದವರು. ಅವರ ಮಾತೇ ಕೊನೆಯ ಮಾತಾಗಿರುತ್ತಿತ್ತು. ಹಣಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತರು. ಎರಡೂ ಕಣ್ಣು ತೆರೆದಿರುವಾಗ ಎಡಗಣ್ಣು ಬಲಗಣ್ಣಿನ ಕೊರತೆ ತುಂಬಿಕೊಡುತ್ತಿತ್ತು. ಪೇಪರು ಓದುವಾಗ, ಬಸ್ಸಿನ ಬೋರ್ಡು ನೋಡುವಾಗ ಅವರಿಗೆ ಏನೂ ತಿಳಿದಿರಲಿಲ್ಲ. ಒಂದು ಕಣ್ಣು ಮರೆ ಮಾಡುತ್ತಿದ್ದದ್ದು ನನ್ನ ಶೆಡ್ಡಿನಲ್ಲಿ ಮಾತ್ರ.

ಮರುದಿನ ಜಮಖಂಡಿಯ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಅವರು ನೋಡಿ, ತಡ ಮಾಡದೆ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಹೋಗಿ ಎಂದು ಚೀಟಿ ಬರೆದರು. ಹೊರಗೆ ಬಂದ ಮೇಲೆ ಸಾಹೇಬರು ಮನೆಯಲ್ಲಿ ಈಗಲೇ ಹೇಳಬೇಡಿ ಎಂದರು. ಮಗ, ಸೊಸೆ, ಮೊಮ್ಮಕ್ಕಳು ಎಲ್ಲ ಇರುವ ಮನೆ. ಕಬ್ಬು ಕಡಿಯುವ ಗಡಿಬಿಡಿಯಲ್ಲಿ ಎಲ್ಲರನ್ನೂ ಗಾಬರಿ ಮಾಡುವುದು ಬೇಡ ಎಂದು ಕಾರಣ ಕೊಟ್ಟರು. ನಿಜವಾದ ಕಾರಣ ಹೆದರಿಕೆ ಎಂದು ನನಗೆ ಅನಿಸಿತು. ನಾನು ಜೊತೆಗೆ ಬರುತ್ತೇನೆ ಎಂದೆ.

ಸ್ಪರ್ಧೆಗೆ ಹೋಗುವ ಬಸ್ಸಿನಲ್ಲಿ ನಾನು ಹೆಂಗಸರ ಸೀಟಿನಲ್ಲಿ, ಅವರು ಹಿಂದೆ ಕೂರುತ್ತಿದ್ದೆವು; ಇಷ್ಟು ವರ್ಷದಲ್ಲಿ ನಾವು ಪಕ್ಕಪಕ್ಕ ಕೂತದ್ದು ಆ ಹುಬ್ಬಳ್ಳಿ ಬಸ್ಸಿನಲ್ಲೇ. ಅವರು ಒಂದೊಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಕಿಟಕಿಯ ಹೊರಗಿನ ಕಂಬಗಳನ್ನು ನೋಡುತ್ತ ಕೂತಿದ್ದರು. ನಾನು ನೋಡದವಳಂತೆ ಮುಂದೆ ನೋಡುತ್ತಿದ್ದೆ. ಆಸ್ಪತ್ರೆಯ ಕೌಂಟರಿನಲ್ಲಿ ಹೆಸರು ಬರೆಯುವಾಕೆ, "ನೀವು ಇವ್ರಿಗೆ ಏನಾಗ್ಬೇಕ್ರಿ?" ಎಂದು ಕೇಳಿದಳು. ಹೆಂಡತಿ, ತಂಗಿ, ಮಗಳು, ಯಾವುದೂ ನಾನಲ್ಲ. ಗೆಳತಿ ಎಂಬ ಮಾತು ನಮ್ಮ ಕಡೆ ಈ ವಯಸ್ಸಿನವರಿಗೆ ನಡೆಯುವುದಿಲ್ಲ. ಸಾಹೇಬರು ನೆಲ ನೋಡುತ್ತಿದ್ದರು. "ಪರಿಚಯದವರು," ಎಂದೆ. ಆಕೆ ಆ ಜಾಗವನ್ನು ಖಾಲಿ ಬಿಟ್ಟು ಮುಂದಿನ ಸಾಲಿಗೆ ಹೋದಳು.

ಡಾಕ್ಟರು ಚಿತ್ರ ತೋರಿಸಿ ಹೇಳಿದರು. ಕಣ್ಣಿನ ಹಿಂದಿನ ಪರದೆಯಲ್ಲಿ, ನೆಟ್ಟಗೆ ನೋಡುವ ನಡುಭಾಗದಲ್ಲಿಯೇ, ಹೊಸ ರಕ್ತನಾಳಗಳು ಹುಟ್ಟಿ ಸೋರುತ್ತಿವೆ. ಇಂಜೆಕ್ಷನ್ ಕೊಟ್ಟು ಮುಂದೆ ಹೋಗದಂತೆ ತಡೆಯಬಹುದು. ಆಗಲೇ ಹೋದ ನೋಟ ಪೂರ್ತಿ ಮರಳುವ ಭರವಸೆ ಇಲ್ಲ. ಎಡಗಣ್ಣು ಸದ್ಯಕ್ಕೆ ಚೆನ್ನಾಗಿದೆ, ಆದರೆ ಅದನ್ನೂ ಕಾಯಬೇಕು. ಇನ್ನೂ ಮೊದಲೇ ಬಂದಿದ್ದರೆ ಬಲಗಣ್ಣಿನಲ್ಲಿ ಹೆಚ್ಚು ಉಳಿಯುತ್ತಿತ್ತು ಎಂದು ಕೊನೆಗೆ ಹೇಳಿದರು. ಬೈಯುವ ದನಿಯಲ್ಲೇನೂ ಅಲ್ಲ. ಆದರೆ ಆ ಮಾತು ನನಗೇ ಹೇಳಿದಂತೆ ಕೇಳಿಸಿತು.

ಊರಿಗೆ ಬಂದು ಹಳೆಯ ಕಾರ್ಡುಗಳ ಗಂಟು ಬಿಚ್ಚಿದೆ. ಪ್ರತಿ ಭಾನುವಾರದ ಕಾರ್ಡಿನ ಹಿಂದೆ ತಾರೀಖು ಬರೆದಿಡುವುದು ನನ್ನ ರೂಢಿ. ಅವರ ಕಾರ್ಡುಗಳನ್ನು ನೆಲದ ಮೇಲೆ ಸಾಲಾಗಿ ಹರಡಿದೆ. ಅಲ್ಲಿ ಎಲ್ಲವೂ ಇತ್ತು. ಯಾವ ತಿಂಗಳು ಗುಂಡುಗಳು ಎಡಕ್ಕೆ ಜರುಗಿದವು, ಯಾವ ತಿಂಗಳು ಚದುರಿದವು, ಯಾವ ತಿಂಗಳು ನಡುವಿನ ವೃತ್ತದಲ್ಲಿ ಒಂದೂ ತೂತಿಲ್ಲದೆ ಹೋಯಿತು. ನಡುಗುವ ಕೈಯ ಗುಂಡುಗಳು ಹೇಗೆ ಬೀಳುತ್ತವೆ ಎಂಬುದು ನನಗೆ ಗೊತ್ತು. ಇವು ಹಾಗಿರಲಿಲ್ಲ. ಒಬ್ಬ ವಿದ್ಯಾರ್ಥಿಯ ಕೆಲಸದಲ್ಲಿ ಇಂಥ ತಪ್ಪು ಕಂಡಿದ್ದರೆ ಅದೇ ದಿನ ಕರೆದು ಕೇಳುತ್ತಿದ್ದೆ. ಸಾಹೇಬರ ಕಾರ್ಡುಗಳನ್ನು ಮಾತ್ರ ಎಣಿಸಿ, ಗೆದ್ದೆ ಎಂದು ಗಂಟು ಕಟ್ಟಿಟ್ಟಿದ್ದೆ.

ಇಂಜೆಕ್ಷನ್ ಶುರುವಾದ ಮೇಲೆ ಮನೆಯಲ್ಲಿ ಹೇಳದೆ ಆಗಲಿಲ್ಲ. ಮಗ ಕಾರಿನಲ್ಲಿ ಕರೆದುಕೊಂಡು ಹೋಗತೊಡಗಿದ. ನನ್ನ ಅಗತ್ಯ ಅಲ್ಲಿಗೆ ಮುಗಿಯಿತು. ಒಂದು ದಿನ ಸೊಸೆ ಫೋನು ಮಾಡಿದಳು. ಬಹಳ ಮರ್ಯಾದೆಯಿಂದ, ಮಾವನವರನ್ನು ಇನ್ನು ಬಸ್ಸಿನಲ್ಲಿ ಕಳಿಸುವುದಿಲ್ಲ, ತಪ್ಪು ತಿಳಿಯಬೇಡಿ ಎಂದಳು. ಅವಳ ಮಾತಿನಲ್ಲಿ ತಪ್ಪು ಹುಡುಕಲು ಏನೂ ಇರಲಿಲ್ಲ. ಚುಕ್ಕೆ ನೋಡಿದ ದಿನ ಬಿಟ್ಟುಹೋಗಿದ್ದ ಅವರ ಪಿಸ್ತೂಲು ನನ್ನ ಬೀರುವಿನಲ್ಲೇ ಉಳಿಯಿತು. ನಾಲ್ಕು ತಿಂಗಳು ನಾನು ಶೆಡ್ಡಿನ ಬಾಗಿಲು ತೆರೆಯುವುದು ಕಸ ಹೊಡೆಯಲಷ್ಟೇ ಆಯಿತು. ಒಂದೆರಡು ಸಲ ಗೆರೆಯ ಹಿಂದೆ ನಿಂತು ಕೈ ಎತ್ತಿದೆ. ಚುಕ್ಕೆ ಕಪ್ಪಿನ ಮೇಲೆ ಓಡಾಡಿತು. ಗುಂಡು ಹೊಡೆಯದೆ ಕೈ ಇಳಿಸಿದೆ. ಮಾತಿಗೆ ಜನ ಬೇಕೆಂದು ನನಗೆ ಎಂದೂ ಅನಿಸಿರಲಿಲ್ಲ. ಮಾತಾಡದೆ ಪಕ್ಕದಲ್ಲಿ ನಿಲ್ಲುವ ಒಬ್ಬರು ಬೇಕಾಗುತ್ತದೆ ಎಂಬುದು ಆಗ ತಿಳಿಯಿತು.

ಮಳೆಗಾಲ ಬಂದಾಗ ಒಂದು ಯೋಚನೆ ಬಂತು. ಮೊಳೆಯ ಗುರಿಯನ್ನು ಈ ವಯಸ್ಸಿನಲ್ಲಿ ಇನ್ನೊಂದು ಕಣ್ಣಿಗೆ ಬದಲಿಸುವುದು ಕಷ್ಟ. ಚುಕ್ಕೆಗೆ ಆ ತೊಂದರೆ ಕಡಿಮೆ. ಬಲಗೈಯಲ್ಲೇ ಹಿಡಿದು ಎಡಗಣ್ಣಿನಿಂದ ನೋಡಬಹುದು. ಆದರೆ ಅವರ ಕತ್ತು ಮೊದಲಿನ ಹಾಗೆ ಪೂರ್ತಿ ಹೊರಳುವುದಿಲ್ಲ. ಅದಕ್ಕೆ ದರ್ಶಕವನ್ನೇ ಎಡಕ್ಕೆ ಜರುಗಿಸಿ ಕೂಡಿಸುವ ಹೊಸ ತುಂಡು ಮಾಡಿದೆ. ಈ ಸಲ ಏಳು ದಿನ ಹಿಡಿಯಿತು. ಪಿಸ್ತೂಲನ್ನು ಪೆಟ್ಟಿಗೆಯಲ್ಲಿಟ್ಟು ಮುಧೋಳದ ಬಸ್ಸು ಹತ್ತಿದೆ. ಅವರ ಮನೆಗೆ ಹೋದದ್ದು ಅದೇ ಮೊದಲು.

ಸೊಸೆ ನಗುತ್ತ ಒಳಗೆ ಕರೆದು ಚಹಾ ಕೊಟ್ಟಳು. ಮನೆಯ ಹಿಂದಿನ ಟ್ರ್ಯಾಕ್ಟರ್ ನಿಲ್ಲಿಸುವ ಛಾವಣಿಯ ಕೆಳಗೆ ನಾವು ಹತ್ತು ಮೀಟರು ಅಳೆದೆವು. ಅಳೆದವರು ಅವರೇ, ಟೇಪಿನ ತುದಿ ಹಿಡಿದವಳು ನಾನು. ಗೋಡೆಗೆ ಅಲ್ಲೇ ಇದ್ದ ಕಬ್ಬಿಣದ ಪೆಟ್ಟಿಗೆಯೊಂದನ್ನು ನಿಲ್ಲಿಸಿ ಕಾರ್ಡು ಸಿಕ್ಕಿಸಿದೆ. ಅವರು ಬಿಳಿ ಪಟ್ಟಿಯನ್ನು ಬಲಗಣ್ಣಿಗೆ ಸಿಕ್ಕಿಸಿಕೊಂಡು ಕೈ ಎತ್ತಿದರು. ಮೊದಲ ಎರಡು ಗುಂಡು ಕಾರ್ಡಿನ ಅಂಚಿಗೆ. ನಾನು ತಿರುಪು ತಿರುಗಿಸಿದೆ. ಮೂರನೆಯದು ಕಪ್ಪಿಗೆ. ಹತ್ತು ಗುಂಡು ಮುಗಿಯುವ ಹೊತ್ತಿಗೆ ಆರು ಒಳಗಿದ್ದವು. ಅವರು ಕಾರ್ಡು ತೆಗೆದು ಎಡಗಣ್ಣಿನ ಹತ್ತಿರ ಹಿಡಿದು ಒಂದೊಂದು ತೂತನ್ನೂ ನೋಡಿದರು.

ಪಿಸ್ತೂಲಿನ ಪೆಟ್ಟಿಗೆ ಮುಚ್ಚಿ ಕಟ್ಟೆಯ ಮೇಲೆ ಕೂತಾಗ, ನನ್ನ ಕಡೆ ತಿರುಗದೆ ಕೇಳಿದರು.

"ಅಕ್ಕಾರ, ಖರೆ ಹೇಳ್ರಿ. ನನ್ನ ಗುರಿ ಕೆಡಾಕತ್ತಿದ್ದು ನಿಮಗ ಮೊದಲ ಗೊತ್ತಿತ್ತಿಲ್ರಿ?"

"ಗೊತ್ತಿತ್ತರಿ."

"ಮತ್ತ ಯಾಕ ಅನ್ಲಿಲ್ಲ?"

ಬಸ್ಸಿನಲ್ಲಿ ಬರುವಾಗ, ಅದಕ್ಕೂ ಮೊದಲು ಕಾರ್ಡುಗಳ ಮುಂದೆ ಕೂತಾಗ, ನಾನು ಹತ್ತಾರು ಉತ್ತರ ಕೂಡಿಸಿಟ್ಟಿದ್ದೆ. ಅವನ್ನೆಲ್ಲ ಬಿಟ್ಟೆ.

"ನಾ ಗೆಲ್ಲಾಕತ್ತಿದ್ನಿರಿ," ಎಂದೆ.

ಅವರು ಕಾರ್ಡನ್ನು ಮತ್ತೆ ಕೈಗೆತ್ತಿಕೊಂಡು ತೂತುಗಳ ಮೇಲೆ ಬೆರಳಾಡಿಸಿದರು.

"ನಿಮ್ಮ ಜಾಗಾದಾಗ ನಾ ಇದ್ರೂ ಅಂತಿದ್ದಿಲ್ಲ ಬಿಡ್ರಿ," ಎಂದರು. "ಹನ್ನೆರಡು ವರ್ಷ ನಾ ಗೆದ್ದೇನಿ. ಒಂದ್ ದಿನಾನೂ ನಿಮಗ ಛಲೋ ಹೊಡದ್ರಿ ಅಂದಿಲ್ಲ."

ಅದು ನಿಜವಾಗಿತ್ತು. ನಾನು ಗಮನಿಸಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಅದಕ್ಕಿಂತ ಹೆಚ್ಚು ನಾವು ಆ ವಿಷಯ ಮಾತಾಡಲಿಲ್ಲ. ಸೊಸೆ ಊಟಕ್ಕೆ ಕರೆದಳು. ಬಸ್ಸಿನ ಹೊತ್ತಾಗುತ್ತದೆ ಎಂದು ನಾನು ಹೊರಟೆ. ಅವರು ರಸ್ತೆಯವರೆಗೆ ಬಂದು, ಬರುವ ಬಸ್ಸಿನ ಬೋರ್ಡನ್ನು ತಾವೇ ಓದಿ, ನಿಮ್ಮ ಬಸ್ಸು ಇದೇ ಎಂದರು.

ಈಗ ಅವರು ಮುಧೋಳದಲ್ಲಿ, ನಾನು ರಬಕವಿಯಲ್ಲಿ, ಭಾನುವಾರ ಒಂಬತ್ತಕ್ಕೆ ಶುರು ಮಾಡುತ್ತೇವೆ. ಆಮೇಲೆ ತಿಂಗಳಿಗೊಮ್ಮೆ ಆಗುತ್ತಿದ್ದ ನನ್ನ ಮುಧೋಳದ ಪ್ರಯಾಣ ಮೊಣಕಾಲು ನೋವಿನಿಂದ ವರ್ಷಕ್ಕೆ ಎರಡು ಮೂರಕ್ಕೆ ಇಳಿದಿದೆ. ಹನ್ನೊಂದರ ಸುಮಾರಿಗೆ ಫೋನು ಬರುತ್ತದೆ. ಮೊದಲು ಅವರು ತಮ್ಮ ಅಂಕ ಹೇಳುತ್ತಾರೆ, ಆಮೇಲೆ ನಾನು. ಕೆಲವು ವಾರ ಅವರದು ಹೆಚ್ಚು, ಕೆಲವು ವಾರ ನನ್ನದು. ನಾನು ಹೆಚ್ಚು ಹೊಡೆದ ದಿನ ಅವರು ಛಲೋ ಆತ್ರಿ ಎನ್ನುತ್ತಾರೆ. ಅವರ ಎಡಗಣ್ಣು ಹೇಗಿದೆ ಎಂದು ನಾನು ಪ್ರತಿ ಸಲವೂ ಕೇಳುತ್ತೇನೆ. ಇನ್ನು ಅದನ್ನು ಕೇಳದೆ ಇರುವ ಧೈರ್ಯ ನನಗಿಲ್ಲ. ಐತ್ರಿ, ಕಾಣ್ತೈತಿ ಎನ್ನುತ್ತಾರೆ. ನಿಮ್ಮವು ಎಂದು ಅವರೂ ಕೇಳುತ್ತಾರೆ. ಅಷ್ಟಾದ ಮೇಲೆ ಇಬ್ಬರಿಗೂ ಹೇಳಲು ಏನೂ ಉಳಿದಿರುವುದಿಲ್ಲ, ಫೋನು ಇಡಲು ಮನಸ್ಸೂ ಬರುವುದಿಲ್ಲ. ನನ್ನ ಕಡೆಯಿಂದ ಮಗ್ಗಗಳ ಸದ್ದು, ಅವರ ಕಡೆಯಿಂದ ಮೊಮ್ಮಕ್ಕಳ ಗದ್ದಲ. ಸ್ವಲ್ಪ ಹೊತ್ತು ಹಾಗೆಯೇ ಕಿವಿಗೆ ಹಿಡಿದುಕೊಂಡಿರುತ್ತೇವೆ.